ಎಷ್ಟೋ ಅಷ್ಟು: ಹಿಂದಿನ ಬೆಂಚಿನ ಟಿಪ್ಪಣಿಗಳು

1

ಮಂಡ್ಯ ಜಿಲ್ಲೆ, ನಾಲೆ ಬದಿಯ ಒಂದು ಸರ್ಕಾರಿ ಶಾಲೆ. ಏಳನೇ ತರಗತಿ. ಗಣಿತ ಬೆಳಿಗ್ಗೆ ಎರಡನೇ ಪೀರಿಯಡ್. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎಂದೆ, ಟೀಚರ್ ಒಪ್ಪಿದರು. ಮಕ್ಕಳು ಅವರನ್ನು ಮಿಸ್ ಎನ್ನುತ್ತಾರೆ. ಇಲ್ಲಿಯೂ ಹಾಗೇ ಬರೆದಿದ್ದೇನೆ. ಎರಡು ವಾರದ ಪಾಠ: ಬದಲಾಗುವುದನ್ನು ಬೀಜಗಣಿತದಲ್ಲಿ ಹೇಳುವುದು.

2

ಬೋರ್ಡಿನ ಬಲ ಮೂಲೆಯಲ್ಲಿ ಎರಡು ಅಂಕಿ. ದಾಖಲಾತಿ, ಹಾಜರಾತಿ. ಹಾಜರಾತಿಯನ್ನು ದಿನವೂ ಒರೆಸಿ ಬರೆಯುತ್ತಾರೆ. ದಾಖಲಾತಿ ಜೂನಿನಲ್ಲಿ ಬರೆದದ್ದು. ಅದರ ಸುತ್ತ ಹಳದಿ ಸೀಮೆಸುಣ್ಣದ ಚೌಕ ಹಾಕಿದ್ದಾರೆ, ಯಾರೂ ಅಳಿಸದಿರಲಿ ಎಂದು.

3

ಪಠ್ಯದ ಪದಗಳು. ಬೆಲೆ ಬದಲಾಗುವ ಅಕ್ಷರ ಚರಾಕ್ಷರ. ಬೆಲೆ ಬದಲಾಗದ್ದು ಸ್ಥಿರಾಂಕ. ಎರಡನ್ನೂ ಸೇರಿಸಿ ಬರೆದದ್ದು ಬೀಜೋಕ್ತಿ. ಬೀಜ, ಉಕ್ತಿ. ಬೀಜದ ಮಾತು.

4

ಚರ, ಸ್ಥಿರ ಎಂದ ಕೂಡಲೇ ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. ಅವರ ಮನೆಯಲ್ಲಿ ಭಾಗದ ಮಾತು ನಡೆಯುತ್ತಿದೆ. ಚರಾಸ್ತಿ, ಸ್ಥಿರಾಸ್ತಿ ಎಂಬ ಪದ ಕೇಳಿದ್ದಾನೆ. ಒಡವೆ ಚರ, ಗದ್ದೆ ಸ್ಥಿರ. ಮಿಸ್ ಅದನ್ನು ಹಾಗೇ ಬೋರ್ಡಿಗೆ ಹಾಕಿದರು.

5

ಮೊದಲ ದಿನ ಬೆಂಕಿಕಡ್ಡಿ. ಒಂದು ಚೌಕಕ್ಕೆ 4. ಪಕ್ಕಕ್ಕೆ ಇನ್ನೊಂದು ಚೌಕ ಅಂಟಿಸಿದರೆ ನಡುವಿನ ಕಡ್ಡಿ ಎರಡರದೂ. ಎರಡಕ್ಕೆ 7, ಮೂರಕ್ಕೆ 10, ನಾಲ್ಕಕ್ಕೆ 13. ಮಕ್ಕಳು ಇದಕ್ಕೆ ಸಾಲುಮನೆ ಎಂದು ಹೆಸರಿಟ್ಟರು. ಕಡ್ಡಿ ಕಡ್ಡಿಯಾಗಿ ಉಳಿಯಲಿಲ್ಲ, ಗೋಡೆಯಾಯಿತು.

6

"ಏನು ಕಾಣ್ತದೆ?"

"ಮೂರ್ ಮೂರು ಜಾಸ್ತಿ ಆಯ್ತದೆ ಮಿಸ್." ಇಡೀ ತರಗತಿ ಒಟ್ಟಿಗೆ.

"ನೂರು ಮನೆಗೆ ಎಷ್ಟು?"

ಸದ್ದಿಲ್ಲ. ಒಬ್ಬಳು ಬೆರಳು ಮಡಿಸಿ ಮೂರು ಮೂರಾಗಿ ಕೂಡಿಸಲು ಶುರು ಮಾಡಿದಳು. ಬೆಲ್ ಹೊಡೆದಾಗ 70ರ ಹತ್ತಿರ ಇದ್ದಳು.

7

ಮಾರನೇ ದಿನ ಒಬ್ಬ ಹುಡುಗನ ಲೆಕ್ಕ. ಹತ್ತು ಮನೆಗೆ 31. ನೂರು ಎಂದರೆ ಹತ್ತರ ಹತ್ತು. ಆದ್ದರಿಂದ 310. ಬಹಳ ಮಂದಿ ತಲೆಯಾಡಿಸಿದರು.

ಪಕ್ಕದವನು ಹೇಳಿದ್ದು: "ಹತ್ತು ಹತ್ತು ಮನೆ ತಂದು ಜೋಡಿಸುದ್ರೆ, ಸೇರೋ ಜಾಗ್ದಲ್ಲೆಲ್ಲ ಎರಡೆರಡು ಗೋಡೆ ಬತ್ತವಲ್ಲ."

ಸೇರುವ ಜಾಗ 9. 310ರಲ್ಲಿ 9 ಕಳೆದರೆ 301.

8

ನೂರು ಮನೆಯ ಲೆಕ್ಕವನ್ನು ನಾಲ್ವರು ನಾಲ್ಕು ಬಗೆಯಲ್ಲಿ ಮಾಡಿದರು.

ಮೊದಲು ಒಂದು ಗೋಡೆ ನಿಲ್ಲಿಸಿ, ಮನೆಗೆ ಮೂರರಂತೆ: 1 + 300.

ಮೊದಲ ಮನೆಗೆ ನಾಲ್ಕು, ಉಳಿದವಕ್ಕೆ ಮೂರು: 4 + 297.

ಎಲ್ಲ ಮನೆಗೂ ನಾಲ್ಕು, ಎರಡು ಸಲ ಎಣಿಸಿದ ಗೋಡೆ ಕಳೆದು: 400 − 99.

ಮೇಲಿನ ಸಾಲು, ಕೆಳಗಿನ ಸಾಲು, ನಿಂತ ಗೋಡೆಗಳು: 100 + 100 + 101.

ಎಲ್ಲಕ್ಕೂ 301. ಅವರವರ ಮನೆ ಅವರವರು ಕಟ್ಟಿದ ಕ್ರಮ ಲೆಕ್ಕದಲ್ಲಿ ಉಳಿದಿದೆ. ಉತ್ತರದಲ್ಲಿ ಉಳಿದಿಲ್ಲ.

9

"ಮನೆ ಎಷ್ಟು ಅಂತ ಗೊತ್ತಿಲ್ಲದಿದ್ದರೆ?" ಮಿಸ್ ಕೇಳಿದರು. ಪುಸ್ತಕದಲ್ಲಿ ಎನ್ ಇದೆ. ಮಕ್ಕಳು ಮ ಇಟ್ಟರು. 3ಮ + 1.

ಮಿಸ್ ತಡೆಯಲಿಲ್ಲ.

10

ಮ ಎಂದರೇನು ಎಂದು ಒಬ್ಬೊಬ್ಬರನ್ನೇ ಕೇಳಿದರು. "ಮನೆ." "ಮನೆ." "ಮನೆ ಮಿಸ್." ಹಿಂದಿನಿಂದ ಎರಡನೇ ಸಾಲಿನ ಹುಡುಗಿಯೊಬ್ಬಳು: "ಮನೆ ಎಷ್ಟೋ ಅಷ್ಟು."

ಮಿಸ್ ಮುಂದಿನವರನ್ನು ಕೇಳಲಿಲ್ಲ.

11

1970ರ ದಶಕದಲ್ಲಿ ಇಂಗ್ಲೆಂಡಿನ ಹೈಸ್ಕೂಲು ಮಕ್ಕಳು ಬೀಜಗಣಿತದ ಅಕ್ಷರವನ್ನು ಹೇಗೆ ಓದುತ್ತಾರೆ ಎಂದು ಡೀಟ್‌ಮಾರ್ ಕೂಚೆಮನ್ ನೋಡಿದರು. ಆರು ಬಗೆ ಕಂಡವು. ನೋಡಿದ ಕೂಡಲೇ ಅಕ್ಷರಕ್ಕೆ ಒಂದು ಬೆಲೆ ಕೊಟ್ಟುಬಿಡುವುದು. ಅಕ್ಷರ ಇಲ್ಲವೇ ಇಲ್ಲ ಎಂಬಂತೆ ಮುಂದೆ ಹೋಗುವುದು. ಅಕ್ಷರವನ್ನು ವಸ್ತು ಎಂದುಕೊಳ್ಳುವುದು. ಗೊತ್ತಿಲ್ಲದ ಒಂದೇ ಸಂಖ್ಯೆ ಎಂದುಕೊಳ್ಳುವುದು. ಹಲವು ಬೆಲೆ ತಾಳಬಲ್ಲ ಸಂಖ್ಯೆ ಎಂದುಕೊಳ್ಳುವುದು. ಕೊನೆಯದು, ಒಂದು ಬದಲಾದಂತೆ ಇನ್ನೊಂದು ಬದಲಾಗುವುದನ್ನು ಅಕ್ಷರದಲ್ಲಿ ಕಾಣುವುದು. ಮೊದಲ ಮೂರಕ್ಕಿಂತ ಆಚೆ ಹೋದ ಮಕ್ಕಳು ಕಡಿಮೆ.

12

ಮಿಸ್ ಕೊಟ್ಟ ಲೆಕ್ಕ: ಒಂದು ಬಿಂದಿಗೆ ತುಂಬಲು 12 ಚೊಂಬು ನೀರು ಬೇಕು. ಬಿಂದಿಗೆಗಳ ಸಂಖ್ಯೆ ಬಿ, ಚೊಂಬುಗಳ ಸಂಖ್ಯೆ ಚ. ಸಮೀಕರಣ ಬರೆಯಿರಿ.

ಹೆಚ್ಚಿನವರು ಬರೆದದ್ದು 12ಚ = ಬಿ.

"ಹನ್ನೆರಡು ಚೊಂಬು ಒಂದು ಬಿಂದಿಗೆ" ಎಂದು ಓದಿದರು. ಮಾತಾಗಿ ಓದಿದರೆ ತಪ್ಪಿಲ್ಲ. 5 ಬಿಂದಿಗೆ ತುಂಬಲು ಎಷ್ಟು ಚೊಂಬು ಎಂದಾಗ ಎಲ್ಲರೂ 60 ಎಂದರು. ಬಿ ಇದ್ದಲ್ಲಿ 5, ಚ ಇದ್ದಲ್ಲಿ 60 ಹಾಕಿಸಿದರು. 720 = 5.

ತರಗತಿ ಅದನ್ನೇ ನೋಡುತ್ತಾ ಕೂತಿತು.

13

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯ ಲೆಕ್ಕವನ್ನು ಎಂಜಿನಿಯರಿಂಗ್ ಓದುವವರಿಗೆ ಕೊಟ್ಟಿದ್ದರು. ಒಬ್ಬ ಪ್ರೊಫೆಸರ್‌ಗೆ 6 ವಿದ್ಯಾರ್ಥಿಗಳು. 150 ಮಂದಿ ಬರೆದರು. ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ತಪ್ಪು ಮಾಡಿದರು. ತಪ್ಪು ಬಹುಪಾಲು ಒಂದೇ ಬಗೆಯದು: 6ನ್ನು ವಿದ್ಯಾರ್ಥಿಗಳ ಪಕ್ಕ ಇಟ್ಟಿದ್ದರು.

14

ಊರಿನಲ್ಲಿ ಹಿರಿಯರು ಕೇಳುವ ಒಗಟು. ಹಾರುವ ಹಕ್ಕಿಗಳ ಗುಂಪು ಕೊಂಬೆಯ ಮೇಲಿನ ಒಂಟಿ ಹಕ್ಕಿಗೆ ಹೇಳುತ್ತದೆ: ನಾವೆಷ್ಟೋ ಇನ್ನೂ ಅಷ್ಟು, ಅದರ ಅರ್ಧ, ಆ ಅರ್ಧದ ಅರ್ಧ, ಜೊತೆಗೆ ನೀನು ಬಂದರೆ ನೂರು. 36, 36, 18, 9, 1.

ಇಲ್ಲಿ ಹಕ್ಕಿ ಎಷ್ಟೆಂದು ಗೊತ್ತಿಲ್ಲ. ಆದರೆ ಸಂಖ್ಯೆ ಒಂದೇ. ಹುಡುಕಿದರೆ ಸಿಗುತ್ತದೆ. ಸಾಲುಮನೆಯ ಮ ಹಾಗಲ್ಲ. ಅದು 5 ಆಗಬಹುದು, 500 ಆಗಬಹುದು. ಮಕ್ಕಳು ಎರಡಕ್ಕೂ ಒಂದೇ ಅಕ್ಷರ ಬರೆಯುತ್ತಾರೆ. ಪುಸ್ತಕವೂ ಬರೆಯುತ್ತದೆ.

15

ಈಜಿಪ್ಟಿನ ಸುಮಾರು 3,500 ವರ್ಷ ಹಿಂದಿನ ಪಪೈರಸ್‌ನಲ್ಲಿ ಗೊತ್ತಿಲ್ಲದ ಸಂಖ್ಯೆಗೆ ರಾಶಿ ಎಂಬ ಅರ್ಥದ ಪದವಿದೆ. ರಾಶಿ, ಅದರ ಏಳನೇ ಒಂದು ಭಾಗ, ಸೇರಿ 19. ಉತ್ತರ 16 ಮತ್ತು 8ರಲ್ಲಿ 5.

ಈ ಶಾಲೆಯ ಮಕ್ಕಳಿಗೆ ರಾಶಿ ಎಂದರೆ ಕಣದಲ್ಲಿ ಒಟ್ಟಿದ ರಾಗಿ. ಹಳೆಯ ಪಠ್ಯದಲ್ಲಿ ತ್ರೈರಾಶಿಕ ಎಂಬ ಪಾಠವಿತ್ತು. ಮೂರು ರಾಶಿ ಗೊತ್ತು, ನಾಲ್ಕನೆಯದು ಹೇಳು.

16

ಗಣಿತಜ್ಞ ಬ್ರಹ್ಮಗುಪ್ತನ ಗ್ರಂಥ 628ರದು. ಆ ಪರಂಪರೆಯಲ್ಲಿ ಅವ್ಯಕ್ತಕ್ಕೆ, ಅಂದರೆ ಗೊತ್ತಿಲ್ಲದ ಸಂಖ್ಯೆಗೆ, ಹೆಸರು ಯಾವತ್-ತಾವತ್. ಇನ್ನೊಂದು ಅವ್ಯಕ್ತ ಬಂದರೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ, ಪೀ. ಬದಲಾಗದ ಅಂಕಿಗೆ ರೂ.

ಸಾಲುಮನೆಯನ್ನು ಹಾಗೆ ಬರೆದರೆ: ಯಾ 3 ರೂ 1.

17

ಯಾವತ್-ತಾವತ್ ಎಂಬುದನ್ನು ಕನ್ನಡಕ್ಕೆ ತಂದರೆ: ಎಷ್ಟೋ ಅಷ್ಟು.

18

ಎಕ್ಸ್, ವೈ, ಝಡ್ ಬಂದದ್ದು ದೆಕಾರ್ತ್‌ನ 1637ರ ಪುಸ್ತಕದಿಂದ. ಇನ್ನೂ 400 ವರ್ಷ ತುಂಬಿಲ್ಲ. ಬೀಜಗಣಿತಕ್ಕೆ ಯೂರೋಪಿನಲ್ಲಿ ಹೆಸರು ಬಂದದ್ದು ಅಲ್ ಖ್ವಾರಿಜ್ಮಿಯ 9ನೇ ಶತಮಾನದ ಪುಸ್ತಕದಿಂದ. ಅದರಲ್ಲಿ ಒಂದು ಚಿಹ್ನೆಯೂ ಇಲ್ಲ. ಲೆಕ್ಕವೆಲ್ಲ ವಾಕ್ಯದಲ್ಲಿದೆ. ಸಂಖ್ಯೆಗಳೂ ಪದಗಳಲ್ಲಿವೆ.

19

ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ 12ನೇ ಶತಮಾನದವನು. ಅವನ ಒಂದು ಪುಸ್ತಕಕ್ಕೆ ವ್ಯವಹಾರಗಣಿತ ಎಂದು ಹೆಸರು.

20

ಒಂದು ದಿನ ಶಾಲೆಯ ಅಂಗಳದಲ್ಲಿ ಕಿವಿಗೆ ಬಿದ್ದವು.

"ಎಷ್ಟ್ ಜೋರಾಗಿ ತುಳಿದ್ರೂ ಅಷ್ಟೇ ಓಡೋದು ಈ ಸೈಕಲ್ಲು."

"ಬಿಸ್ಲು ಏರ್ದಂಗೆಲ್ಲ ನೆರಳು ಕಮ್ಮಿ ಆಯ್ತದೆ."

"ನೀ ಎಷ್ಟ್ ಕೊಡ್ತೀಯೋ ನಾನೂ ಅಷ್ಟೇ ಕೊಡೋದು."

"ತಿಂದಷ್ಟೂ ಹಸಿವು."

ನಾಲ್ಕು ವಾಕ್ಯ. ಒಂದು ಏನು ಮಾಡಿದರೂ ಅಲುಗದ್ದು, ಒಂದು ಇಳಿಯುವುದು, ಒಂದು ಸರಿಸಮ, ಒಂದು ಏರುವುದು. ಹೇಳಿದವರು ಆರನೇ, ಏಳನೇ ತರಗತಿಯವರು. ಗಂಟೆ ಹೊಡೆಯಿತು, ಒಳಗೆ ಹೋದರು.

21

ಹಾಸಿಗೆ ಇದ್ದಷ್ಟು ಕಾಲು ಚಾಚು. ಮಿಸ್ ಈ ಗಾದೆಯನ್ನು ಸಮೀಕರಣವಾಗಿ ಬರೆಯಲು ಹೇಳಿದರು. ಕಾ = ಹಾ ಎಂದು ಬರೆದರು. ಒಬ್ಬಳು ಕೇಳಿದಳು: "ಅದಕ್ಕಿಂತ ಕಮ್ಮಿ ಚಾಚಬಹುದಲ್ಲ ಮಿಸ್?"

ಸಮ ಚಿಹ್ನೆಯನ್ನು ಒರೆಸಿದರು. ಬೇರೆ ಚಿಹ್ನೆ ಆ ದಿನ ಸಿಗಲಿಲ್ಲ. ನಡುವೆ ಜಾಗ ಬಿಟ್ಟರು.

22

ಸಮ ಚಿಹ್ನೆಯನ್ನು ಮಕ್ಕಳು ಓದುವುದು "ಈಸೀಕ್ವಲ್ಟು" ಎಂದು, ಒಂದೇ ಉಸಿರಿನಲ್ಲಿ. ಅರ್ಥ ಕೇಳಿದರೆ "ಉತ್ತರ ಬರೆಯೋ ಜಾಗ" ಎನ್ನುತ್ತಾರೆ.

ಆ ಚಿಹ್ನೆಯನ್ನು ಮೊದಲು ಅಚ್ಚು ಹಾಕಿಸಿದ್ದು ರಾಬರ್ಟ್ ರೆಕಾರ್ಡ್, 1557ರಲ್ಲಿ. ಸಮನಾದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮನಾದದ್ದು ಇನ್ನಿಲ್ಲ ಎಂಬುದು ಅವನು ಕೊಟ್ಟ ಕಾರಣ. ಅವನ ಗೆರೆಗಳು ಈಗಿನವಕ್ಕಿಂತ ಬಹಳ ಉದ್ದ.

23

8 + 4 = ▢ + 5. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನ. ಆರನೇ ತರಗತಿಯ 145 ಮಕ್ಕಳಿಗೆ ಕೊಟ್ಟರು. ಒಬ್ಬರೂ 7 ಎಂದು ಬರೆಯಲಿಲ್ಲ. ಹೆಚ್ಚಿನವರು 12, ಕೆಲವರು 17.

ಇಲ್ಲಿ ಕೊಟ್ಟಾಗಲೂ ಮೊದಲ ಧ್ವನಿ 12. ಕಿರಾಣಿ ಅಂಗಡಿಯವನ ಮಗ ಕೈಗಳನ್ನು ತಕ್ಕಡಿಯಂತೆ ಹಿಡಿದು ನೋಡಿ 7 ಎಂದ.

24

ಮೂರನೇ ದಿನ ನೀರು. ಗಾಜಿನ ಲೋಟ, ಚೊಂಬು. ಎರಡಕ್ಕೂ ಒಂದೇ ಔಷಧಿ ಮುಚ್ಚಳದಿಂದ ನೀರು. ಮುಚ್ಚಳ ಎಷ್ಟು, ನೀರಿನ ಎತ್ತರ ಎಷ್ಟು, ಪಟ್ಟಿ ಮಾಡಬೇಕು. ಚೊಂಬಿನೊಳಗೆ ಸ್ಕೇಲ್ ಇಳಿಸಿ ನೋಡಿದರು. ಲೋಟದಲ್ಲಿ ಏರಿಕೆ ಸಮ. ಚೊಂಬಿನಲ್ಲಿ ಹೊಟ್ಟೆ ಅಗಲವಾದಂತೆ ನಿಧಾನ, ಕೊರಳಿಗೆ ಬಂದಂತೆ ಬೇಗ.

25

ಅಳೆಯುವ ಮುಂಚೆ, ಚೊಂಬು ತುಂಬುವ ಗ್ರಾಫ್ ಹೇಗಿರಬಹುದು ಎಂದು ಬರೆಸಿದ್ದರು. ಹಲವರು ಚೊಂಬನ್ನೇ ಬರೆದಿದ್ದರು. ಹೊಟ್ಟೆ, ಕೊರಳು, ಬಾಯಿ. ಒಬ್ಬ ಕೆಳಗೆ ನೀರು, ಮೇಲೆ ಮುಚ್ಚಳವನ್ನೂ ಬರೆದಿದ್ದ.

26

ಅಳೆದ ಮೇಲೆ ಬಂದ ಗೆರೆ ಯಾವ ಪಾತ್ರೆಯಂತೆಯೂ ಇರಲಿಲ್ಲ. ಮಕ್ಕಳು ಹಾಳೆಯನ್ನು ಅಡ್ಡ ತಿರುಗಿಸಿ ನೋಡಿದರು, ಉದ್ದ ತಿರುಗಿಸಿ ನೋಡಿದರು.

27

ಬಿಂದಿಗೆ ನಲ್ಲಿ ಕೆಳಗಿದ್ದರೆ ಅಡುಗೆಮನೆಯಲ್ಲಿ ಇದ್ದವರಿಗೂ ತುಂಬುತ್ತಿರುವುದು ಗೊತ್ತಾಗುತ್ತದೆ. ನೀರು ಏರಿದಂತೆ ಸದ್ದು ಸಣ್ಣದಾಗುತ್ತಾ ಏರುತ್ತದೆ. ಕೊರಳಿನಲ್ಲಿ ಒಮ್ಮೆಗೇ ಏರುತ್ತದೆ. ಆಗ ಎದ್ದು ಹೋಗುತ್ತಾರೆ. ಇದನ್ನು ಹೇಳಿದವಳು ಗ್ರಾಫ್ ಹಾಳೆ ಖಾಲಿ ಬಿಟ್ಟಿದ್ದ ಹುಡುಗಿ.

28

ಗೆರೆಯ ಓರೆಗೆ ಪಠ್ಯದಲ್ಲಿ ಇಳಿಜಾರು ಎಂಬ ಪದ. ಏರುವ ಗೆರೆಗೂ ಇಳಿಜಾರು, ಇಳಿಯುವ ಗೆರೆಗೂ ಇಳಿಜಾರು. ಪದ ಬೋರ್ಡಿನಲ್ಲಿದೆ, ಪಕ್ಕದಲ್ಲಿ ಮೇಲಕ್ಕೆ ಹೋಗುವ ಗೆರೆಯಿದೆ.

ಸೈಕಲ್‌ನಲ್ಲಿ ಬರುವ ಹುಡುಗನ ಪ್ರಶ್ನೆ: "ನಾವು ಯಾವ ಕಡೆಯಿಂದ ಬತ್ತೀವಿ ಅನ್ನೋದ್ರ ಮೇಲೆ ಅಲ್ವಾ ಮಿಸ್?"

ಗ್ರಾಫ್ ಅನ್ನು ಎಡದಿಂದ ಬಲಕ್ಕೆ ಓದಬೇಕು ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

29

ನಾಲ್ಕನೇ ದಿನ ಊದುಬತ್ತಿ. ಉರಿಯುವ ಭಾಗ 18 ಸೆಂಟಿಮೀಟರ್. ಐದು ನಿಮಿಷಕ್ಕೊಮ್ಮೆ ಅಳತೆ. ಹೆಚ್ಚುಕಮ್ಮಿ ಎರಡೂವರೆ ಸೆಂಟಿಮೀಟರಿನಂತೆ ಕಡಿಮೆಯಾಯಿತು. ಅಳತೆಯ ಸಂಖ್ಯೆ ಅ. ಉಳಿದ ಉದ್ದ 18 − 2.5ಅ.

ತರಗತಿಯಲ್ಲಿ ದೇವರ ಮನೆಯ ವಾಸನೆ. ಯಾರೂ ಮಾತಾಡಲಿಲ್ಲ.

30

ಎಂಟನೇ ಅಳತೆಗೆ ಸೂತ್ರದಲ್ಲಿ ಬಂದದ್ದು −2.

"ಊದುಬತ್ತಿ ಏಳಾದ ಮೇಲೆ ಮುಗಿದೇ ಹೋಯ್ತಲ್ಲ. ಈ ಎರಡು ಎಲ್ಲೈತೆ ಮಿಸ್?"

"ನೀವೇ ಹೇಳಿ."

ಒಬ್ಬ: ಸೂತ್ರಕ್ಕೆ ಊದುಬತ್ತಿ ಮುಗಿದದ್ದು ಗೊತ್ತಿಲ್ಲ. ಇನ್ನೊಬ್ಬ: ಇನ್ನೂ ಎರಡು ಸೆಂಟಿಮೀಟರ್ ಇದ್ದಿದ್ದರೆ ಎಂಟನೇ ಅಳತೆಗೆ ಸರಿಯಾಗಿ ಮುಗಿಯುತ್ತಿತ್ತು. ಮಿಸ್ ಎರಡನ್ನೂ ಬರೆದುಕೊಂಡರು.

31

ಧನ, ಋಣ. ಬ್ರಹ್ಮಗುಪ್ತ ಕೂಡಿಸುವ ಕಳೆಯುವ ನಿಯಮಗಳನ್ನು ಈ ಪದಗಳಲ್ಲೇ ಹೇಳಿದ. ಕನ್ನಡ ಪಠ್ಯದಲ್ಲಿ ಇಂದಿಗೂ ಋಣ ಸಂಖ್ಯೆ ಎಂದೇ ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಋಣಕ್ಕೆ ವರ್ಗಮೂಲ ಇಲ್ಲ ಎಂದು ಬರೆದ.

ಸಾಲ ಎಂಬ ಅರ್ಥ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

32

ಸಂಘದ ಸಾಲದ ಮಾತು ಬಂತು. ಊರಿನಲ್ಲಿ ಬಡ್ಡಿ ಹೇಳುವುದು ತಿಂಗಳಿಗೆ, ನೂರಕ್ಕೆ. "ಎರಡು ರೂಪಾಯಿ ಬಡ್ಡಿ" ಎಂದರೆ ಸಾಕು. 10,000ಕ್ಕೆ ತಿಂಗಳಿಗೆ 200. ತಿಂಗಳು ತಿ ಆದರೆ 10,000 + 200ತಿ. ಮುಂದಿನ ಬೆಂಚಿನವರು ಇದನ್ನು ತಟ್ಟನೆ ಬರೆದರು. ಸಾಲುಮನೆಗೆ ಎರಡು ದಿನ ಹಿಡಿದಿತ್ತು.

33

ಅದೇ ಬಡ್ಡಿ ಚಕ್ರಬಡ್ಡಿಯಾದರೆ ವರ್ಷದ ಕೊನೆಗೆ 12,400 ಅಲ್ಲ, 12,682. ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಒಂದರ ಮೇಲೊಂದು ಕೂತಂತೆ ಕಂಡವು. ಐದು ವರ್ಷಕ್ಕೆ ಬರೆಸಿದರು. ಒಂದು 22,000ದಲ್ಲಿ ನಿಂತಿತು. ಇನ್ನೊಂದು 32,810. ಹಾಳೆ ಸಾಲದೆ ಇನ್ನೊಂದು ಹಾಳೆ ಅಂಟಿಸಿದರು.

ಒಬ್ಬಳು ಆ ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಮನೆಯಲ್ಲಿ ತೋರಿಸಬೇಕು ಎಂದಳು.

34

ಒಬ್ಬನ ಮಾವ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾರೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮಕ್ಕಳ ಸೂತ್ರ: 36 + 18(ಕಿ − 2). 10 ಕಿಲೋಮೀಟರಿಗೆ 180.

ಒಬ್ಬ 18ನ್ನು 10ರಿಂದ ನೇರ ಗುಣಿಸಿ 180 ತಂದಿದ್ದ. ಸೂತ್ರ ಗೊತ್ತಿಲ್ಲದೆ ತಂದದ್ದು ಎಂದು ಉಳಿದವರು ತಕರಾರು ಎತ್ತಿದರು. 7 ಕಿಲೋಮೀಟರಿಗೆ ನೋಡಿದರು, 126. 15ಕ್ಕೆ ನೋಡಿದರು, 270. ಎಲ್ಲಿಯೂ ಎರಡೂ ಒಂದೇ.

35

ಹಳೆಯ ದರ 2 ಕಿಲೋಮೀಟರಿಗೆ 30, ಆಮೇಲೆ 15. ಅಲ್ಲಿಯೂ ಹಾಗೇ.

36

ಆಟೊ ಗ್ರಾಫ್. ಎರಡರವರೆಗೆ ಮಲಗಿದ ಗೆರೆ, ಆಮೇಲೆ ಏರುವ ಗೆರೆ. ಏರುವ ಗೆರೆಯ ಮೇಲೆ ಸ್ಕೇಲ್ ಇಟ್ಟು ಹಿಂದಕ್ಕೆ ಎಳೆದರು. ಸೊನ್ನೆಯ ಮೂಲಕ ಹೋಯಿತು. ಗೆರೆ ಇಲ್ಲದ ಕಡೆ ಸ್ಕೇಲ್ ಇತ್ತು.

37

ಬಾಬ್ ಮೋಸೆಸ್ 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದವರು. ಆಮೇಲೆ ಟಾಂಜಾನಿಯಾದಲ್ಲಿ ಗಣಿತ ಕಲಿಸಿದರು. 1982ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಮಗಳ ಶಾಲೆಗೆ ಹೋಗಿ ಬೀಜಗಣಿತ ಹೇಳಿಕೊಡಲು ಶುರು ಮಾಡಿದರು. ಎರಡೂ ಒಂದೇ ಕೆಲಸ ಎನ್ನುತ್ತಿದ್ದರು. 2021ರಲ್ಲಿ ತೀರಿಕೊಂಡರು.

38

ಮೋಸೆಸ್ ಮಕ್ಕಳನ್ನು ರೆಡ್ ಲೈನ್ ಎಂಬ ಸುರಂಗ ರೈಲಿನಲ್ಲಿ ಕೂರಿಸಿ ಕರೆದೊಯ್ಯುತ್ತಿದ್ದರು. ಬಂದ ಮೇಲೆ ಕ್ರಮವಾಗಿ ಐದು ಹೆಜ್ಜೆ. ಪ್ರಯಾಣ. ಅದರ ಚಿತ್ರ. ಮನೆಯಲ್ಲಿ ಆಡುವ ಮಾತಿನಲ್ಲಿ ಅದರ ವಿವರಣೆ. ಆ ಮಾತಿನಿಂದ ಬೇಕಾದ ಲಕ್ಷಣಗಳನ್ನು ಮಾತ್ರ ಆರಿಸಿದ ಬಿಗಿಯಾದ ಮಾತು. ಕೊನೆಗೆ ಚಿಹ್ನೆ.

ಎಕ್ಸ್ ಬರುವುದು ಐದನೆಯದರಲ್ಲಿ.

39

ಅಂಕಗಣಿತ ಕೇಳುವುದು "ಎಷ್ಟು" ಎಂದು. ಮೋಸೆಸ್ ಜೊತೆಗೆ ಇನ್ನೊಂದು ಪ್ರಶ್ನೆ ಇಟ್ಟರು: "ಯಾವ ಕಡೆ".

40

ಮಿಸ್ ಇದನ್ನು ಮೈಸೂರು-ಬೆಂಗಳೂರು ಹಳೇ ರಸ್ತೆಯಲ್ಲಿ ಮಾಡಿಸಿದರು. ಬಸ್ ನಿಲ್ಲುವ ಊರುಗಳನ್ನು ಮಕ್ಕಳು ಕಂಡಕ್ಟರನಂತೆ ಕೂಗಿದರು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಬೆಂಗಳೂರು. ಮಂಡ್ಯ ಸೊನ್ನೆ. ಬೆಂಗಳೂರು +5, ಮೈಸೂರು −2.

ಮದ್ದೂರಿನ ಅಜ್ಜಿ ಮನೆಯಿಂದ ಬಂದಿದ್ದ ಹುಡುಗಿ ಸೊನ್ನೆ ಮದ್ದೂರಿನಲ್ಲಿರಲಿ ಎಂದಳು. ಬೆಂಗಳೂರು +4, ಮೈಸೂರು −3. ಎಲ್ಲ ಊರಿನ ಅಂಕಿ ಬದಲಾಯಿತು. ಮೈಸೂರಿನಿಂದ ಬೆಂಗಳೂರಿಗೆ ಆಗಲೂ 7, ಈಗಲೂ 7.

"ಸೊನ್ನೆ ನಮ್ಮೂರಲ್ಲೇ ಇರ್ಲಿ ಮಿಸ್" ಎಂದು ಮೂರು ಮಂದಿ ಕೊನೆಯವರೆಗೂ ಹೇಳಿದರು.

41

ನಾಟಿಂಗ್‌ಹ್ಯಾಮಿನ ಮಾಲ್ಕಮ್ ಸ್ವಾನ್ ತಂಡದ 1985ರ ಪುಸ್ತಕದಲ್ಲಿ ಒಂದು ಪ್ರಶ್ನೆಯಿದೆ. ಸ್ಕೌಟ್ ಹುಡುಗ ಬಾವುಟ ಏರಿಸುತ್ತಾನೆ. ಸಮಯ ಹೋದಂತೆ ಬಾವುಟದ ಎತ್ತರ ಹೇಗೆ ಬದಲಾಗುತ್ತದೆ? ಆರು ಗ್ರಾಫ್. ಒಂದು ಮೆಟ್ಟಿಲಿನಂತೆ: ಹಗ್ಗ ಜಗ್ಗಿದಾಗ ಏರುತ್ತದೆ, ಕೈ ಬದಲಿಸುವಾಗ ನಿಲ್ಲುತ್ತದೆ. ಒಂದು ನೆಟ್ಟಗೆ ನಿಂತ ಗೆರೆ.

ಇಲ್ಲಿನ ಮಕ್ಕಳು ಆರನ್ನೂ ಒಪ್ಪಲಿಲ್ಲ. ಅವರ ಶಾಲೆಯಲ್ಲಿ ಬಾವುಟವನ್ನು ಹೂವಿನೊಡನೆ ಮಡಿಸಿ ಮೊದಲೇ ಮೇಲೆ ಕಟ್ಟಿರುತ್ತಾರೆ. ಅತಿಥಿಗಳು ಹಗ್ಗ ಎಳೆದರೆ ಬಿಚ್ಚುತ್ತದೆ. ಅವರ ಗ್ರಾಫ್ ಮಲಗಿದ ಗೆರೆ.

42

ಮೇಲಿನ ಗ್ರಾಫುಗಳಲ್ಲಿ ನೆಟ್ಟಗೆ ನಿಂತ ಗೆರೆ ಏನು ಹೇಳುತ್ತದೆ ಎಂದು ಮಿಸ್ ಕೇಳಿದರು. ತುಂಬಾ ಬೇಗ ಏರಿಸಿದ್ದು ಎಂದರು. ಎಷ್ಟು ಬೇಗ? ಒಂದೇ ಗಳಿಗೆಯಲ್ಲಿ ಬಾವುಟ ಕೆಳಗೂ ಇರಬೇಕು, ನಡುವೆಯೂ ಇರಬೇಕು, ಮೇಲೂ ಇರಬೇಕು.

ಮಕ್ಕಳು ಕಿಟಕಿಯಿಂದ ಕಂಬ ನೋಡಿದರು.

43

ಚುಕ್ಕಿ ರಂಗೋಲಿ. "7ರಿಂದ 1, ನೇರ ಚುಕ್ಕಿ." ಇಷ್ಟೇ ಹೇಳುತ್ತಾರೆ. ನಡುವಿನ ಸಾಲಿನಲ್ಲಿ 7, ಎರಡು ಬದಿಗೂ 5, 3, 1. ಒಟ್ಟು 25. "7ರಿಂದ 4, ಸಂದು ಚುಕ್ಕಿ." 7, ಎರಡು ಬದಿಗೂ 6, 5, 4. ಒಟ್ಟು 37.

ಎಲ್ಲಿ ಶುರು, ಎಲ್ಲಿ ಕೊನೆ, ಪ್ರತಿ ಸಾಲಿಗೆ ಹೇಗೆ ಕಡಿಮೆ. ರಂಗೋಲಿ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಇರುವುದಿಲ್ಲ. ಹೆಣ್ಣುಮಕ್ಕಳು ನಗುತ್ತಾ ಬರೆದರು. ಗಂಡುಮಕ್ಕಳು ಪಕ್ಕಕ್ಕೆ ಬಂದು ನೋಡಿದರು.

44

ಗೆಲಿಲಿಯೋನ 1638ರ ಪುಸ್ತಕ. ಬೀಳುವ ವಸ್ತು ಒಂದಾದ ಮೇಲೊಂದು ಸಮ ಅವಧಿಗಳಲ್ಲಿ ಸಾಗುವ ದೂರಗಳ ಅನುಪಾತವೂ ನೇರ ಚುಕ್ಕಿಯ ಅಂಕಿಗಳೇ: 1, 3, 5, 7.

45

ಪತ್ರಿಕೆಯಲ್ಲಿ ದಿನವೂ ಬರುವ ಪಟ್ಟಿ. ಜಲಾಶಯ, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್ ಗರಿಷ್ಠ 124.80 ಅಡಿ. ಈ ಒಂದು ದಶಮಾಂಶ ಸಂಖ್ಯೆ ತರಗತಿಯ ಎಲ್ಲರಿಗೂ ಬಾಯಿಪಾಠ. ಯಾರೂ ಕಲಿಸಿದ್ದಲ್ಲ.

46

ಮಿಸ್ ಒಂದು ಪಟ್ಟಿ ಕಟ್ಟಿದರು. ನಿನ್ನೆ ಒಳಹರಿವು 20,000 ಕ್ಯೂಸೆಕ್ಸ್. ಇವತ್ತು 15,000. ಹೊರಹರಿವು ಎರಡೂ ದಿನ 5,000. ಇವತ್ತು ಮಟ್ಟ ಏರಿತೋ ಇಳಿಯಿತೋ?

ಅರ್ಧ ತರಗತಿ: ಇಳಿಯಿತು. ಒಳಹರಿವು ಕಡಿಮೆಯಾಗಿದೆಯಲ್ಲ.

ಒಬ್ಬಳು: "ಇನ್ನೂ ಬತ್ತಾನೇ ಐತಲ್ಲ. ನಿನ್ನೆಗಿಂತ ಮೆತ್ತಗೆ ಏರ್ತದೆ, ಅಷ್ಟೇ."

ಅವಳ ತಾತ ಬೆಳಿಗ್ಗೆ ಮೊದಲು ಓದುವುದು ಈ ಪಟ್ಟಿಯನ್ನು. ನಾಟಿ ಯಾವಾಗ ಎಂದು ಅದನ್ನು ನೋಡಿ ಹೇಳುತ್ತಾರೆ.

47

ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಇಷ್ಟು ಘನ ಅಡಿ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡ್. 11,574 ಕ್ಯೂಸೆಕ್ಸ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಭಾಗಾಕಾರಕ್ಕೆ ಬೋರ್ಡು ಸಾಲಲಿಲ್ಲ. ಎರಡು ಪದಗಳನ್ನೂ ಮಕ್ಕಳು ಮನೆಯಲ್ಲಿ ಕೇಳಿದ್ದರು. ನಡುವೆ ಒಂದು ಲೆಕ್ಕ ಇದೆ ಎಂದು ಕೇಳಿರಲಿಲ್ಲ.

48

ಜಲಾಶಯದಲ್ಲಿ ಕೆಳಗೆ ಒಂದು ಅಡಿ ಏರಲು ಬೇಕಾದಷ್ಟು ನೀರು ಮೇಲೆ ಒಂದು ಅಡಿ ಏರಲು ಸಾಲದು. ಕಣಿವೆ ಮೇಲಕ್ಕೆ ಅಗಲವಾಗುತ್ತದೆ. "ಕೊರಳಿಲ್ಲದ ಚೊಂಬು" ಎಂದ ಒಬ್ಬ.

49

ಗಣಿತ ಬಿಟ್ಟವರನ್ನು ಎಲ್ಲಿ ಬಿಟ್ಟಿರಿ ಎಂದು ಕೇಳುವ ಅಭ್ಯಾಸ ನನಗಿದೆ. ಹಲವರು ಒಂದೇ ಜಾಗ ಹೇಳುತ್ತಾರೆ: ಎಕ್ಸ್ ಬಂದ ಕಡೆ. ಬಡ್ಡಿ, ಕೂಲಿ, ನೀರಿನ ಸರದಿ, ಹಾಲಿನ ಫ್ಯಾಟ್, ಎಲ್ಲದರ ಲೆಕ್ಕ ಅವರ ಬಾಯಲ್ಲಿದೆ. ಆ ಬಾಗಿಲಿನಲ್ಲಿ ಯಾರೂ ನಿಂತು ಹೋಗಬಾರದು ಎಂದು ಪ್ರತಿ ಸಲ ಅನಿಸುತ್ತದೆ.

50

ಮಾಸ್ಕೋದಲ್ಲಿ ವಾಸಿಲಿ ದವಿದೋವ್ ಮತ್ತು ಜೊತೆಯವರು ಕಟ್ಟಿದ ಪಾಠಕ್ರಮದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಮೊದಲು ಸಂಖ್ಯೆ ಇಲ್ಲ. ಎರಡು ಕೋಲು, ಎರಡು ಪಾತ್ರೆ ನೀರು. ಯಾವುದು ಹೆಚ್ಚು? ಅಕ್ಷರದಲ್ಲಿ ಬರೆ. ಸಮ ಆಗಬೇಕಾದರೆ ಏನು ಮಾಡಬೇಕು? ಅದನ್ನೂ ಅಕ್ಷರದಲ್ಲಿ ಬರೆ. ಎಷ್ಟು ಎಂಬ ಪ್ರಶ್ನೆ ಆಮೇಲೆ ಬರುತ್ತದೆ.

51

ಕೊನೆಯ ದಿನ ಸಾಲುಮನೆಗೆ ಹಿಂತಿರುಗಿದರು. ನಾಲ್ಕು ಬಗೆಯನ್ನೂ ಅಕ್ಷರದಲ್ಲಿ ಬರೆದರು.

1 + 3ಮ
4 + 3(ಮ − 1)
4ಮ − (ಮ − 1)
ಮ + ಮ + (ಮ + 1)

ನಡುವೆ ಸಮ ಚಿಹ್ನೆ ಹಾಕಬಹುದೇ ಎಂದು ಮಿಸ್ ಕೇಳಿದರು. ಕಿರಾಣಿ ಅಂಗಡಿಯವನ ಮಗ ಎದ್ದು ಬಂದು ಮೂರು ಕಡೆಯೂ ಹಾಕಿದ. ಗೆರೆಗಳನ್ನು ಉದ್ದಕ್ಕೆ ಎಳೆದ.

52

ಬೆರಳು ಮಡಿಸಿ ಕೂಡಿಸಿದ್ದವಳು ಮನೆಯಲ್ಲಿ ನೂರರವರೆಗೂ ಕೂಡಿಸಿಕೊಂಡೇ ಬಂದಿದ್ದಾಳೆ. ಮೂರು ಪುಟ. ಕೊನೆಯ ಸಾಲು 301. ಬೇರೆಯವರ ಸೂತ್ರ ಸರಿ ಎಂಬುದಕ್ಕೆ ತರಗತಿಯಲ್ಲಿ ಒಂದೊಂದಾಗಿ ಕೂಡಿಸಿ ನೋಡಿದ ಸಾಕ್ಷಿ ಅದೊಂದೇ. ಪುಸ್ತಕ ಕೈಯಿಂದ ಕೈಗೆ ಹೋಯಿತು.

53

ಹೊರಡುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ. ಅದರಲ್ಲಿ ಅಚ್ಚಾದದ್ದು:

ಎಷ್ಟು ________ ಅಷ್ಟು ________

ತುಂಬಿ ಕೊಡಬೇಕು. ಎಷ್ಟು ಗೊಬ್ಬರವೋ ಅಷ್ಟು ಪೈರು. ಇದರ ಕೆಳಗೆ ಅದೇ ಮಗು ಬರೆದ ಇನ್ನೊಂದು ಸಾಲು: ಜಾಸ್ತಿ ಆದ್ರೆ ಸುಟ್ಟೋಯ್ತದೆ. ಎಷ್ಟು ದೂರವೋ ಅಷ್ಟು ಟಿಕೆಟ್ಟು. ಎಷ್ಟು ತಡವೋ ಅಷ್ಟು ಬೈಗುಳ. ಎಷ್ಟು ಮನೆಯೋ ಅಷ್ಟರ ಮೂರರಷ್ಟು, ಮೇಲೊಂದು.

54

ಹಿಂದಿನಿಂದ ಎರಡನೇ ಸಾಲಿನ ಹುಡುಗಿಯ ಚೀಟಿಯಲ್ಲಿ ಎರಡು ಜಾಗವೂ ಖಾಲಿ. ಹೆಸರು, ರೋಲ್ ನಂಬರ್ ಮಾತ್ರ.

"ಯಾಕಮ್ಮ ಏನೂ ಬರೆದಿಲ್ಲ?"

"ಬರೆದ್ರೆ ಅದೊಂದೇ ಆಯ್ತದೆ ಮಿಸ್."

ಮಿಸ್ ಚೀಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಕಟ್ಟಿನ ಮೇಲಿಟ್ಟು ದಾರ ಸುತ್ತಿದರು.